ಒಕ್ಕಣೆಯ ಪಾಠ: ಪ್ರಾಚೀನ ಪತ್ರಗಳು ಮತ್ತು ಭಾಷಾ ತರಗತಿ
(ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಲೇಖಸಾಮಗ್ರಿಯ ಹಿನ್ನೆಲೆಯಲ್ಲಿ)

ಪ್ರಾಚೀನ ಭಾಷೆಯೊಂದನ್ನು ಕಲಿಸುವಾಗ ಯಾವ ಬಗೆಯ ಗದ್ಯವನ್ನು ಮೊದಲು ಓದಿಸಬೇಕು ಎಂಬ ಪ್ರಶ್ನೆ ಹೊಸದಲ್ಲ. ಯುರೋಪಿನ ಲ್ಯಾಟಿನ್ ಪಾಠಶಾಲೆಗಳು ಸುಮಾರು ಐನೂರು ವರ್ಷಗಳ ಹಿಂದೆಯೇ ಇದಕ್ಕೆ ಒಂದು ಉತ್ತರವನ್ನು ಕಂಡುಕೊಂಡಿದ್ದವು. ಆ ಉತ್ತರ ಪತ್ರ. ಎರಾಸ್ಮಸ್ 1522ರಲ್ಲಿ ಪತ್ರರಚನೆಯನ್ನು ಕುರಿತ ತನ್ನ ಗ್ರಂಥವನ್ನು ಹೊರತಂದ. ಸ್ಟ್ರಾಸ್‌ಬರ್ಗಿನ ಶಿಕ್ಷಣತಜ್ಞ ಯೋಹಾನೆಸ್ ಸ್ಟುರ್ಮ್ ಎಳೆಯ ವಿದ್ಯಾರ್ಥಿಗಳಿಗೆಂದು ಸಿಸೆರೋನ ಪತ್ರಗಳನ್ನು ಆಯ್ದು ಕೊಟ್ಟ. ಮಹಾಕಾವ್ಯಕ್ಕೂ ಭಾಷಣಗಳಿಗೂ ಮುನ್ನ ಹುಡುಗರು ಓದುತ್ತಿದ್ದುದು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಬರೆದ ಕಾಗದಗಳನ್ನು. ಕನ್ನಡದ ಸ್ಥಿತಿ ಬೇರೆ. ಹಳಗನ್ನಡದ ತರಗತಿ ವಡ್ಡಾರಾಧನೆಯಿಂದಲೋ ಪಂಪನಿಂದಲೋ ಆರಂಭವಾಗುತ್ತದೆ. ಶಾಸನಗಳು ಭಾಷಾಚರಿತ್ರೆಯ ಮಾದರಿಗಳಾಗಿ ನಡುನಡುವೆ ಬಂದುಹೋಗುತ್ತವೆ. ಪತ್ರಕ್ಕೆ ಅಲ್ಲಿ ಸ್ಥಾನವಿಲ್ಲ. ಪತ್ರ ಉಳಿದಿರುವುದು ಶಾಲೆಯ ಪ್ರಶ್ನೆಪತ್ರಿಕೆಯ ಪತ್ರಲೇಖನದಲ್ಲಿ, ರಜೆ ಬೇಡಿ ಮುಖ್ಯೋಪಾಧ್ಯಾಯರಿಗೆ ಬರೆಯುವ ಅರ್ಜಿಯ ರೂಪದಲ್ಲಿ ಮಾತ್ರ.

ಕನ್ನಡದಲ್ಲಿ ಪ್ರಾಚೀನ ಪತ್ರಗಳು ಉಳಿದೇ ಇಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಖಾಸಗಿ ಓಲೆಗಳ ಮಟ್ಟಿಗೆ ಈ ಮಾತು ಬಹುಪಾಲು ನಿಜ. ತಾಳೆಗರಿ ಈ ಹವೆಯಲ್ಲಿ ಬಹುಕಾಲ ನಿಲ್ಲುವುದಿಲ್ಲ. ಕುಶಲವಾರ್ತೆಯ ಓಲೆಯನ್ನು ಪ್ರತಿಮಾಡಿ ಕಾಪಾಡುವ ಅಗತ್ಯವೂ ಯಾರಿಗೂ ಇರಲಿಲ್ಲ. ಆದರೆ ಪತ್ರವೆಂಬುದನ್ನು ಖಾಸಗಿ ಕಾಗದಕ್ಕಷ್ಟೇ ಸೀಮಿತಗೊಳಿಸುವುದು ಸರಿಯಲ್ಲ. ಒಬ್ಬರಿಂದ ಇನ್ನೊಬ್ಬರಿಗೆ, ಕಳಿಸುವವರ ಮತ್ತು ಪಡೆಯುವವರ ಸ್ಥಾನಮಾನಗಳನ್ನು ನಮೂದಿಸಿ, ಮುದ್ರೆ ಅಥವಾ ರುಜುವಿನೊಡನೆ ಸಲ್ಲುವ ಬರಹವೆಲ್ಲ ಪತ್ರವೇ. ಬಿನ್ನಹ, ಬಿನ್ನವತ್ತಳೆ, ನಿರೂಪ, ರಾಯಸ, ಸನ್ನದು ಎಂಬ ಹೆಸರುಗಳೇ ಈ ವ್ಯವಹಾರದ ವಿಸ್ತಾರವನ್ನು ಹೇಳುತ್ತವೆ. ತಾಮ್ರಶಾಸನವಂತೂ ಪಡೆದವರ ಕೈಗೆ ಕೊಟ್ಟ, ಮಡಿಸಲಾಗದ ಕಾಗದವಷ್ಟೆ. ಈ ದೃಷ್ಟಿಯಿಂದ ನೋಡಿದರೆ ಕಪಿಲೆ ಕಾವೇರಿಗಳ ನಡುವಣ ನಂಜನಗೂಡು ಹಾಗೂ ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಭಾಷಾಶಿಕ್ಷಕನಿಗೆ ಒದಗಿಸುವ ಸಾಮಗ್ರಿ ಅಲ್ಪವಾದುದಲ್ಲ. ಆ ಸಾಮಗ್ರಿಯನ್ನು ತರಗತಿಯಲ್ಲಿ ಓದುವ ಕ್ರಮದಲ್ಲಿ ಒಂದು ಮೂಲಭೂತ ದೋಷವಿದೆ. ಪತ್ರದ ಮೊದಲ ಸಾಲುಗಳನ್ನು ಬಿಟ್ಟು ಮುಂದಕ್ಕೆ ಹೋಗುವುದೇ ಆ ದೋಷ. ಲ್ಯಾಟಿನ್ ತರಗತಿಯೂ ಇದೇ ತಪ್ಪನ್ನು ಬಹುಕಾಲ ಮಾಡಿತು. ತಿದ್ದಿಕೊಂಡ ಬಗೆ ಇಲ್ಲಿ ಉಪಯುಕ್ತವಾದುದು.

‘ಒಕ್ಕಣೆ’ ಎಂಬ ಕನ್ನಡ ಪದ ಪತ್ರದ ಬರವಣಿಗೆಯ ರೀತಿಯನ್ನು, ವಿಶೇಷವಾಗಿ ಸಂಬೋಧನೆಯ ಕ್ರಮವನ್ನು ಸೂಚಿಸುತ್ತದೆ. ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ಸಮಾನರಿಗೆ ವಂದನೆ, ಆಮೇಲೆ ಉಭಯಕುಶಲೋಪರಿ, ಆಮೇಲೆ ವಿಷಯ. ಮೂರು ತಲೆಮಾರಿನ ಹಿಂದಿನವರೆಗೆ ಹಳ್ಳಿಯ ಅಕ್ಷರಸ್ಥರೆಲ್ಲರಿಗೂ ಇದು ಬಾಯಿಪಾಠವಾಗಿತ್ತು. ‘ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿಸುವುದು’ ಎಂಬ ವಾಕ್ಯವನ್ನು ಬಲ್ಲವರಿಗೆ ರೋಮನ್ನರ ಪತ್ರಾರಂಭವನ್ನು ವಿವರಿಸಬೇಕಾದ ಅಗತ್ಯವೇ ಬೀಳುವುದಿಲ್ಲ. ‘ನೀನು ಕ್ಷೇಮವಾಗಿದ್ದರೆ ಒಳಿತು, ನಾನು ಕ್ಷೇಮ’ ಎಂಬ ಅರ್ಥದ ವಾಕ್ಯವನ್ನು ಅವರು ಎಷ್ಟು ಬಳಸುತ್ತಿದ್ದರೆಂದರೆ ಕೊನೆಗೆ ಪ್ರತಿ ಪದದ ಮೊದಲಕ್ಷರವನ್ನಷ್ಟೇ ಬರೆದು ಮುಗಿಸುತ್ತಿದ್ದರು. ಲ್ಯಾಟಿನ್ ಪಠ್ಯಪುಸ್ತಕಗಳು ಈ ಅಕ್ಷರಗಳನ್ನು ಒಂದು ಅಡಿಟಿಪ್ಪಣಿಯಲ್ಲಿ ಬಿಡಿಸಿ ಹೇಳಿ, ಇನ್ನು ಇದರ ಗೊಡವೆ ಬೇಡ ಎಂಬಂತೆ ಮುಂದಕ್ಕೆ ಸಾಗುತ್ತವೆ.

ಗೊಡವೆ ಬೇಕು ಎಂಬುದಕ್ಕೆ ಸಿಸೆರೋ ತನ್ನ ಹೆಂಡತಿ ತೆರೆಂಟಿಯಾಳಿಗೆ ಬರೆದ ಪತ್ರಗಳಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಅವನ ‘ಆಪ್ತರಿಗೆ ಪತ್ರಗಳು’ ಎಂಬ ಸಂಕಲನದ 14ನೆಯ ಪುಸ್ತಕದಲ್ಲಿ ಇಂಥ 24 ಪತ್ರಗಳಿವೆ. ಕ್ರಿ.ಪೂ. 58ರಲ್ಲಿ ದೇಶಭ್ರಷ್ಟನಾಗಿದ್ದಾಗ ಬರೆದವು ದೀರ್ಘವಾದವು, ಕಣ್ಣೀರಿನವು. ಹೆಂಡತಿಯ ಜೊತೆಗೆ ಮಗಳನ್ನೂ ಮಗನನ್ನೂ ಹೆಸರಿಟ್ಟು ಕರೆಯುವಂಥವು. ಅವುಗಳಲ್ಲಿ ಆ ಕ್ಷೇಮವಾಕ್ಯವಿಲ್ಲ. ಕ್ರಿ.ಪೂ. 47ಕ್ಕೆ ಬಂದಾಗ ಪತ್ರಗಳು ಮೂರು ನಾಲ್ಕು ಸಾಲಿಗೆ ಇಳಿದಿವೆ. ಅವುಗಳಲ್ಲಿ ಹಲವದರ ನೆತ್ತಿಯ ಮೇಲೆ ಅದೇ ಮೊದಲಕ್ಷರಗಳ ಸಾಲು ಬಂದು ಕುಳಿತಿದೆ. ಆ ವರ್ಷದ ಅಕ್ಟೋಬರಿನಲ್ಲಿ ಬರೆದ ಒಂದು ಪತ್ರವಂತೂ ತಾನು ಬರುತ್ತಿರುವುದನ್ನು ತಿಳಿಸಿ, ಮನೆಯಲ್ಲಿ ಎಲ್ಲವನ್ನೂ ಅಣಿಮಾಡುವಂತೆಯೂ ಸ್ನಾನಗೃಹದಲ್ಲಿ ತೊಟ್ಟಿಯಿಲ್ಲದಿದ್ದರೆ ಇರಿಸುವಂತೆಯೂ ಹೇಳಿ ಮುಗಿಯುತ್ತದೆ. ಮನೆಯ ಉಸ್ತುವಾರಿಯ ಆಳಿಗೂ ಇದಕ್ಕಿಂತ ಬೇರೆ ರೀತಿಯಲ್ಲಿ ಬರೆಯಬೇಕಾಗಿರಲಿಲ್ಲ. ಸ್ವಲ್ಪ ಕಾಲದಲ್ಲೇ ಆ ದಾಂಪತ್ಯ ಮುರಿದುಬಿತ್ತು. ಪದ್ಧತಿಯ ಕುಶಲಪ್ರಶ್ನೆ ಬಂದಲ್ಲಿ ಪ್ರೀತಿ ಕಡಿಮೆಯಾಗಿದೆ, ಅದು ಇಲ್ಲದಿದ್ದಲ್ಲಿ ಪ್ರೀತಿ ಇತ್ತು. ಒಕ್ಕಣೆಯನ್ನು ಬಿಟ್ಟು ಓದಿದ ವಿದ್ಯಾರ್ಥಿಗೆ ಕಾಣುವುದು ಕೆಲವು ಆಜ್ಞಾರ್ಥಕ ಕ್ರಿಯಾಪದಗಳು ಮಾತ್ರ.

ರೋಮನ್ನರಿಗೇ ಇದರ ಅರಿವಿತ್ತು. ಸೆನೆಕ ತನ್ನ 15ನೆಯ ನೀತಿಪತ್ರವನ್ನು ಆರಂಭಿಸುವುದೇ ಈ ಹಳೆಯ ವಾಡಿಕೆಯ ಪ್ರಸ್ತಾಪದಿಂದ. ಕ್ಷೇಮದ ಜಾಗದಲ್ಲಿ ತತ್ತ್ವಚಿಂತನೆಯನ್ನು ಇಟ್ಟು, ಚಿಂತನೆಯಲ್ಲಿ ತೊಡಗಿದ್ದರೆ ಒಳಿತು ಎಂದು ಅದನ್ನು ತಿದ್ದುತ್ತಾನೆ. ಸವೆದ ಸೂತ್ರವನ್ನು ಸವೆದದ್ದೆಂದು ತೋರಿಸಿಯೇ ಹೊಸ ಅರ್ಥವನ್ನು ತುಂಬುವ ಈ ಉಪಾಯ, ಸೂತ್ರವನ್ನು ಬಲ್ಲ ಓದುಗನಿಗಷ್ಟೇ ದಕ್ಕುತ್ತದೆ. ಕಿರಿಯ ಪ್ಲಿನಿ ಬಿಥಿನಿಯಾ ಪ್ರಾಂತದ ಅಧಿಕಾರಿಯಾಗಿ ಸುಮಾರು 110ರಿಂದ ಚಕ್ರವರ್ತಿ ಟ್ರಾಜನ್‌ನೊಡನೆ ನಡೆಸಿದ ಪತ್ರವ್ಯವಹಾರ ಇನ್ನೊಂದು ಬಗೆಯದು. ನಿಕೋಮೀಡಿಯ ನಗರದಲ್ಲಿ ದೊಡ್ಡ ಬೆಂಕಿ ಬಿದ್ದ ಮೇಲೆ, ಕೇವಲ 150 ಜನರ ಒಂದು ಅಗ್ನಿಶಾಮಕ ಸಂಘವನ್ನು ಕಟ್ಟಲು ಅನುಮತಿ ಬೇಡಿ ಅವನು ಬರೆಯುತ್ತಾನೆ. ಸಂಘಗಳು ಯಾವ ಹೆಸರಿನಲ್ಲಿ ಹುಟ್ಟಿದರೂ ಕೊನೆಗೆ ರಾಜಕೀಯ ಕೂಟಗಳಾಗುತ್ತವೆಂದು ಚಕ್ರವರ್ತಿ ನಿರಾಕರಿಸುತ್ತಾನೆ. ಪ್ಲಿನಿಯದು ಪ್ರಭುವೇ ಎಂಬ ಸಂಬೋಧನೆ. ಟ್ರಾಜನ್‌ನದು ಉಳಿದೆಡೆಗಳಲ್ಲಿ ಪ್ರೀತಿಯ ಸೆಕುಂಡಸ್ ಎಂಬ ಸಲುಗೆಯ ಕರೆ. ಬೇಡಿಕೆಯ ಕಾಗದ ಮೇಲ್ಮುಖವಾಗಿ, ಅಪ್ಪಣೆಯ ಕಾಗದ ಕೆಳಮುಖವಾಗಿ ಹರಿಯುವುದನ್ನು ಈ ಎರಡು ಕರೆಗಳೇ ತೋರಿಸಿಬಿಡುತ್ತವೆ. ಬಿನ್ನಹ ಮತ್ತು ನಿರೂಪಗಳ ಜೋಡಿಯನ್ನು ಬಲ್ಲ ಕನ್ನಡಿಗನಿಗೆ ಇದು ಪರಿಚಿತ ಲೋಕ.

ಲ್ಯಾಟಿನ್ ತರಗತಿ ಈ ಸೂಕ್ಷ್ಮಗಳನ್ನು ಕಡೆಗಣಿಸಿದ್ದರ ಕಾರಣವೂ ಆ ತರಗತಿಯ ಇತಿಹಾಸದಲ್ಲೇ ಇದೆ. ಪೆಟ್ರಾರ್ಕ್ 1345ರಲ್ಲಿ ವೆರೋನಾದಲ್ಲಿ ಸಿಸೆರೋ ಅಟ್ಟಿಕಸನಿಗೆ ಬರೆದ ಪತ್ರಗಳನ್ನು ಕಂಡಾಗ ಅವನಿಗೆ ಎದುರಾದದ್ದು ಗುರುವಲ್ಲ, ಚಂಚಲನಾದ ಒಬ್ಬ ಮನುಷ್ಯ. ಅದರಿಂದ ನೊಂದು, ಎಂದೋ ಸತ್ತ ಸಿಸೆರೋನಿಗೇ ಅವನೊಂದು ಪತ್ರ ಬರೆದ. ಮುಂದಿನ ಶತಮಾನಗಳ ಶಾಲೆಗಳು ಆ ನೋವನ್ನು ಬದಿಗಿಟ್ಟು ಶೈಲಿಯನ್ನು ಮಾತ್ರ ಉಳಿಸಿಕೊಂಡವು. ಪತ್ರ ಅನುಕರಣೆಯ ಅಚ್ಚಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯಾಕರಣದ ಉದಾಹರಣೆಯಾಯಿತು. ರೋಮನ್ ಲೇಖಕ ಕೆಲವೊಮ್ಮೆ ತಾನು ಬರೆಯುತ್ತಿರುವ ಕ್ಷಣವನ್ನು ಭೂತಕಾಲದಲ್ಲಿ ಹೇಳುತ್ತಾನೆ. ಓದುವವನ ಕೈಗೆ ಕಾಗದ ಮುಟ್ಟುವ ಹೊತ್ತಿಗೆ ಅದೆಲ್ಲ ಆಗಿಹೋಗಿರುತ್ತದೆ ಎಂಬ ಲೆಕ್ಕ ಇದರ ಹಿಂದಿದೆ. ವ್ಯಾಕರಣ ಪುಸ್ತಕಗಳು ಇದನ್ನು ಪತ್ರಕಾಲವೆಂಬ ಅಪವಾದವಾಗಿ ಪಟ್ಟಿಮಾಡುತ್ತವೆ. ವಾಸ್ತವವಾಗಿ ಇದು ಸೌಜನ್ಯ: ಬರೆಯುವವನು ತನ್ನ ಗಡಿಯಾರವನ್ನು ಬಿಟ್ಟು ಓದುವವನ ಗಡಿಯಾರಕ್ಕೆ ಹೊಂದಿಕೊಳ್ಳುತ್ತಾನೆ.

ಈ ಜಡತೆಯನ್ನು ಅಲುಗಿಸಿದ್ದು ಇಂಗ್ಲೆಂಡಿನ ಉತ್ತರ ಗಡಿಯ ವಿಂಡೊಲಾಂಡ ಎಂಬ ರೋಮನ್ ಸೈನ್ಯಠಾಣ್ಯದ ಕೆಸರು. ಅಲ್ಲಿ 1973ರಿಂದ ದೊರೆಯುತ್ತ ಬಂದ, ತೆಳುವಾದ ಮರದ ಹಾಳೆಗಳ ಮೇಲೆ ಶಾಯಿಯಿಂದ ಬರೆದ ಪತ್ರಗಳು ಸೈನಿಕರವು, ಸರಬರಾಜುದಾರರವು, ಅಧಿಕಾರಿಗಳ ಹೆಂಡಂದಿರವು. ಕ್ರಿ.ಶ. 100ರ ಸುಮಾರಿಗೆ ಕ್ಲಾಡಿಯ ಸೆವೆರಾ ಎಂಬಾಕೆ ತನ್ನ ಹುಟ್ಟುಹಬ್ಬಕ್ಕೆ ಗೆಳತಿ ಲೆಪಿಡಿನಾಳನ್ನು ಕರೆದ ಪತ್ರ ಇವುಗಳಲ್ಲಿ ಹೆಸರಾದದ್ದು. ಪತ್ರದ ಮೈಯನ್ನು ಲಿಪಿಕಾರ ಬರೆದಿದ್ದಾನೆ. ಕೊನೆಯ ಬೀಳ್ಕೊಡುಗೆಯ ಕೆಲವು ಸಾಲುಗಳು ಮಾತ್ರ ಬೇರೊಂದು ಕೈಯವು, ಅಷ್ಟೇನೂ ಪಳಗದ ಕೈಯವು. ಅದು ಸೆವೆರಾಳದೇ ಕೈ; ಹೆಂಗಸೊಬ್ಬಳು ತಾನೇ ಬರೆದ ಲ್ಯಾಟಿನ್ ಬರಹಗಳಲ್ಲಿ ತಿಳಿದಿರುವ ಅತ್ಯಂತ ಹಳೆಯವುಗಳಲ್ಲಿ ಒಂದು. ಎಲ್ಲ ಪತ್ರಗಳಲ್ಲೂ ಇರುತ್ತದೆಂದು ಬಿಟ್ಟುಬಿಡುವ ಕೊನೆಯ ಸಾಲೇ ಇಲ್ಲಿ ಇಡೀ ಪತ್ರದ ಅತ್ಯಮೂಲ್ಯ ಭಾಗವಾಗಿದೆ. ಲ್ಯಾಟಿನ್ ಶಿಕ್ಷಕರು ವಿದ್ಯಾರ್ಥಿಗಳ ಮುಂದೆ ಮುದ್ರಿತ ಪಠ್ಯದ ಬದಲು ಹಾಳೆಯ ಛಾಯಾಚಿತ್ರವನ್ನೇ ಇಡಲು ತೊಡಗಿದ್ದರ ಹಿಂದೆ ಇಂಥ ಅನುಭವವಿದೆ.

ಇನ್ನು ನಮ್ಮ ಕಡೆಗೆ ಬರಬಹುದು. ಪತ್ರದ ಒಕ್ಕಣೆಯನ್ನು ಕುರಿತ ಶಾಸ್ತ್ರ ಭಾರತಕ್ಕೆ ಹೊರಗಿನಿಂದ ಬರಬೇಕಾಗಿರಲಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಹಸ್ತಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ರಾಜಲೇಖಗಳ ಮೇಲೆಯೇ ಒಂದು ಅಧ್ಯಾಯವಿದೆ. ಲೇಖಕನಾದವನು ಪಡೆಯುವವನ ಜಾತಿ, ಕುಲ, ಸ್ಥಾನ, ವಯಸ್ಸು, ವಿದ್ಯೆ ಮೊದಲಾದವನ್ನು ಗಮನಿಸಿ ಅದಕ್ಕೆ ತಕ್ಕಂತೆ ಬರೆಯಬೇಕೆಂದು ಅದು ವಿಧಿಸುತ್ತದೆ. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತೆಗಳನ್ನು ಲೇಖದ ಗುಣಗಳೆಂದು ಎಣಿಸುತ್ತದೆ. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1925ರಲ್ಲಿ ಬೆಳಕು ಕಂಡ ಗುಜರಾತಿನ ‘ಲೇಖಪದ್ಧತಿ’ ಅರಸನ ಆಜ್ಞೆಯಿಂದ ಹಿಡಿದು ಸಾಲಪತ್ರ, ಮನೆಯವರ ಕಾಗದಗಳವರೆಗೆ ಮಾದರಿಗಳನ್ನು ಕೊಡುವ ಕೈಪಿಡಿ. ಅಂದರೆ ಸಂಬೋಧನೆಯನ್ನು ಅಲಂಕಾರವೆಂದಲ್ಲ, ಅರ್ಥದ ಭಾಗವೆಂದೇ ಪರಿಗಣಿಸಿದ ಪರಂಪರೆ ಇದು. ಅದರ ವಾರಸುದಾರರಾದ ನಾವು ಶಾಸನವನ್ನು ಓದುವಾಗ ಮಾಡುತ್ತಿರುವುದೇನು?

ಬಿ.ಎಲ್. ರೈಸ್ 1894ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳ ಶಾಸನಗಳು ಸೇರಿವೆ. ಆ ಮಹಾಕಾರ್ಯದ ಋಣ ಯಾರೂ ತೀರಿಸಲಾಗದಂಥದು. ಆದರೂ ರೈಸ್ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಅನುಸರಿಸಿದ ಒಂದು ಕ್ರಮವನ್ನು ವಿಮರ್ಶಿಸಬೇಕಾಗಿದೆ. ಅರಸನ ಬಿರುದಾವಳಿ ಬಂದಲ್ಲೆಲ್ಲ ಅವರು ‘ಎಂದಿನ ಬಿರುದುಗಳೊಡನೆ’ ಎಂಬರ್ಥದ ಮಾತನ್ನು ಕಂಸದಲ್ಲಿ ಹಾಕಿ ಮುಂದಕ್ಕೆ ಹೋಗುತ್ತಾರೆ. ಸಾವಿರಾರು ಶಾಸನಗಳನ್ನು ಅನುವಾದಿಸುತ್ತಿದ್ದ ಒಬ್ಬ ವಿದ್ವಾಂಸರಿಗೆ ಇದು ಅನಿವಾರ್ಯವಾದ ಉಳಿತಾಯ. ಆದರೆ ಉಳಿತಾಯಕ್ಕೆಂದು ಮಾಡಿದ್ದು ಕಾಲಕ್ರಮದಲ್ಲಿ ಓದುವ ಪದ್ಧತಿಯೇ ಆಗಿಬಿಟ್ಟಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡು ತಾಲ್ಲೂಕು ಮೂರನೆಯ ಸಂಪುಟದಲ್ಲೂ (1974), ತಿ. ನರಸೀಪುರ ತಾಲ್ಲೂಕು ಐದನೆಯದರಲ್ಲೂ (1976) ಬಂದಿವೆ. ಪಾಠಗಳು ಶುದ್ಧವಾಗಿವೆ, ಹೊಸ ಶಾಸನಗಳು ಸೇರಿವೆ. ತರಗತಿಯ ಓದು ಮಾತ್ರ ಆ ಕಂಸದಿಂದ ಹೊರಗೆ ಬಂದಿಲ್ಲ. ಪ್ರಶಸ್ತಿ ಭಾಗವನ್ನು ಬಿಟ್ಟು ಕಾಲ, ಅರಸ, ದತ್ತಿ, ಸೀಮೆ ಎಂಬ ನಾಲ್ಕು ಅಂಶಗಳನ್ನು ಗುರುತು ಹಾಕಿಸಿದರೆ ಪಾಠ ಮುಗಿಯಿತು. ಕೊನೆಯ ಶಾಪಾಶಯಕ್ಕೂ ಇದೇ ಗತಿ.

ಬಿಟ್ಟುಹೋದದ್ದರ ಬೆಲೆಯನ್ನು ತಲಕಾಡಿನ ನಿದರ್ಶನದಿಂದ ಅಳೆಯಬಹುದು. ತಿ. ನರಸೀಪುರ ತಾಲ್ಲೂಕಿನ ಈ ಊರು ಗಂಗರ ರಾಜಧಾನಿಯಾಗಿ ಶತಮಾನಗಳ ಕಾಲ ಮೆರೆದದ್ದು. ಹೀಗಿದ್ದೂ ಗಂಗರ ಬಿರುದುಗಳಲ್ಲಿ ಮೊದಲು ಕೇಳಿಬರುವುದು ಕೋವಳಾಲಪುರವರೇಶ್ವರ, ನಂದಗಿರಿನಾಥ ಎಂಬ ಮಾತುಗಳು. ಕೋವಳಾಲವೆಂದರೆ ಕೋಲಾರ. ಕಾವೇರಿಯ ದಡಕ್ಕೆ ಬಂದು ತಲೆಮಾರುಗಳು ಉರುಳಿದ ಮೇಲೂ ಆ ವಂಶ ತನ್ನ ಹೆಸರಿನ ಹಿಂದೆ ಬಿಟ್ಟುಬಂದ ಊರನ್ನು ಇಟ್ಟುಕೊಂಡಿತ್ತು. ಊರಿನ ಹೆಸರನ್ನು ಇನಿಷಿಯಲ್ಲಿನಲ್ಲಿ ಹೊತ್ತು ತಿರುಗುವ ಮೈಸೂರು ಸೀಮೆಯವರಿಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಹೊಯ್ಸಳ ವಿಷ್ಣುವರ್ಧನ 1116ರ ಸುಮಾರಿಗೆ ತಲಕಾಡನ್ನು ಚೋಳರಿಂದ ಗೆದ್ದ ಮೇಲೆ ‘ತಳಕಾಡುಗೊಂಡ’ ಎಂಬ ಬಿರುದು ಹುಟ್ಟಿತು. ಗೆದ್ದವನು ತೀರಿಕೊಂಡ ಮೇಲೂ ಅದು ಉಳಿಯಿತು. ಮಗ, ಮೊಮ್ಮಗ, ಮರಿಮಗನ ಶಾಸನಗಳ ತಲೆಯಲ್ಲಿ, ತಲಕಾಡಿನಿಂದ ಬಹುದೂರದ ಊರುಗಳಲ್ಲಿ, ಈ ಹೆಸರು ಮೊಳಗುತ್ತಲೇ ಹೋಯಿತು. ಎಂದಿನ ಬಿರುದು ಎಂದು ತಳ್ಳಿಹಾಕಿದರೆ, ಒಂದು ಗೆಲುವು ಹೇಗೆ ಒಂದು ಮನೆತನದ ಆಸ್ತಿಯಾಗುತ್ತದೆ ಎಂಬುದನ್ನು ಕಾಣುವ ಅವಕಾಶವೇ ತಪ್ಪುತ್ತದೆ.

ಅಷ್ಟೇ ಅಲ್ಲ. ಅದೇ ವಿಷ್ಣುವರ್ಧನನನ್ನು ಶಾಸನಗಳು ‘ಸಮಧಿಗತಪಂಚಮಹಾಶಬ್ದ ಮಹಾಮಂಡಳೇಶ್ವರ’ ಎಂದು ಕರೆಯುತ್ತವೆ. ಐದು ವಾದ್ಯಗಳ ಗೌರವವನ್ನು ಪಡೆದ ಮಾಂಡಲಿಕನೆಂದು ಇದರ ತಾತ್ಪರ್ಯ. ಗೌರವವನ್ನು ಪಡೆದವನೆಂದ ಮೇಲೆ ಕೊಟ್ಟವನೊಬ್ಬ ಮೇಲೆ ಇರಲೇಬೇಕು. ಅವನು ಕಲ್ಯಾಣದ ಚಾಳುಕ್ಯ ಚಕ್ರವರ್ತಿ. ಯುದ್ಧಭೂಮಿಯಲ್ಲಿ ಎಷ್ಟೇ ಸ್ವತಂತ್ರನಾಗಿ ವರ್ತಿಸಿದರೂ ಕಾಗದದ ತಲೆಬರಹದಲ್ಲಿ ಅವನು ಅಧೀನನೇ. ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲಕ್ಕೆ, 1190ರ ದಶಕದಲ್ಲಿ, ಆ ಜಾಗಕ್ಕೆ ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ ಎಂಬ ಚಕ್ರವರ್ತಿ ಬಿರುದುಗಳು ಬಂದು ಕುಳಿತವು. ಒಂದು ಸಾಮ್ರಾಜ್ಯ ಕುಸಿದು ಇನ್ನೊಂದು ಎದ್ದದ್ದು ಒಕ್ಕಣೆಯ ಈ ಬದಲಾವಣೆಯಲ್ಲಿ ದಾಖಲಾಗಿದೆ. ತೆರೆಂಟಿಯಾಳ ಪತ್ರಗಳ ನೆತ್ತಿಯ ಅಕ್ಷರಗಳಿಗೂ ಇದಕ್ಕೂ ಓದುವ ವಿಧಾನದಲ್ಲಿ ವ್ಯತ್ಯಾಸವಿಲ್ಲ. ಸೂತ್ರ ಯಾವಾಗ ಬಂತು, ಯಾವಾಗ ಬಿಟ್ಟುಹೋಯಿತು, ಯಾವುದರ ಬದಲು ಯಾವುದು ಬಂತು ಎಂದು ಕೇಳಬೇಕು, ಅಷ್ಟೆ.

ತಲಕಾಡಿನ ಯುದ್ಧದ ಹಿನ್ನೆಲೆಯಲ್ಲಿ ಒಂದು ಸಂದೇಶ ಮತ್ತು ಒಂದು ಮರುತ್ತರವೂ ಇವೆ. ಚೋಳನ ಸಾಮಂತನಾಗಿ ತಲಕಾಡಿನ ಗಡಿಯನ್ನು ಕಾಯುತ್ತಿದ್ದ ಅದಿಯಮನಿಗೆ ನಾಡನ್ನು ಒಪ್ಪಿಸುವಂತೆ ದಂಡನಾಯಕ ಗಂಗರಾಜ ಹೇಳಿಕಳಿಸಿದ. ಒಡೆಯನು ಕೊಟ್ಟ ನಾಡನ್ನು ಕೊಡುವುದಿಲ್ಲ, ಬೇಕಾದರೆ ಹೋರಾಡಿ ತೆಗೆದುಕೊಳ್ಳಿ ಎಂದು ಅವನು ಉತ್ತರಿಸಿದ. ಗಂಗರಾಜನ ಸಾಹಸವನ್ನು ವರ್ಣಿಸುವ ಶಾಸನಗಳು ಈ ಮಾತನ್ನು ಉಳಿಸಿಕೊಂಡಿವೆ. ಸೋತವನ ಮಾತು ಗೆದ್ದವನ ಕಲ್ಲಿನಲ್ಲಿ ಉಳಿದಿರುವುದು ಕುತೂಹಲಕರ. ಅದರ ಸಂಕ್ಷಿಪ್ತತೆಯೇ ಅದನ್ನು ಕಾಪಾಡಿರಬೇಕು. ಪ್ಲಿನಿ ಟ್ರಾಜನರ ಜೋಡಿಯನ್ನು ಓದುವ ರೀತಿಯಲ್ಲಿ, ಯಾರು ಯಾರಿಗೆ ಯಾವ ಕ್ರಿಯಾರೂಪದಲ್ಲಿ ಹೇಳಿದರು, ಬಹುವಚನ ಎಲ್ಲಿ ಬಂತು, ವಿಧ್ಯರ್ಥ ಎಲ್ಲಿ ಬಂತು ಎಂಬ ಪ್ರಶ್ನೆಗಳನ್ನು ಈ ಭಾಗಕ್ಕೆ ಹಾಕಿದರೆ ಹಳಗನ್ನಡದ ಕ್ರಿಯಾಪದದ ಪಾಠ ತಾನಾಗಿಯೇ ನಡೆಯುತ್ತದೆ.

ಸೆವೆರಾಳ ಸ್ವಹಸ್ತಕ್ಕೂ ಇಲ್ಲಿ ಜೊತೆಯಿದೆ. ವಿಜಯನಗರದ ತಾಮ್ರಶಾಸನಗಳು ಸಾಮಾನ್ಯವಾಗಿ ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿ ಇರುತ್ತವೆ. ಕೊನೆಯಲ್ಲಿ ಬರುವ ‘ಶ್ರೀ ವಿರೂಪಾಕ್ಷ’ ಎಂಬ ರಾಜಾಂಕಿತ ಮಾತ್ರ ದಪ್ಪ ಕನ್ನಡ ಅಕ್ಷರಗಳಲ್ಲಿ ಇರುತ್ತದೆ. ಆಸ್ಥಾನದ ವಿದ್ವಾಂಸನ ಭಾಷೆ ಒಂದು, ರುಜುವಿನ ಭಾಷೆ ಇನ್ನೊಂದು. ಅರಸ ತನ್ನ ಹೆಸರನ್ನು ಬರೆಯದೆ ದೇವರ ಹೆಸರನ್ನು ಬರೆದು ಹೊಣೆಯನ್ನು ಅಲ್ಲಿಗೆ ಒಪ್ಪಿಸಿದ. ಮೈಸೂರು ಒಡೆಯರ ನಿರೂಪಗಳ ಕೊನೆಯ ‘ಶ್ರೀಕೃಷ್ಣ’ ಎಂಬ ಒಪ್ಪ ಇದೇ ಪದ್ಧತಿಯ ಮುಂದುವರಿಕೆ. ವಿಜಯನಗರದ ಅರಸರ ಮನ್ನಣೆಗೆ ಪಾತ್ರರಾದ ವ್ಯಾಸರಾಯರ ಪರಂಪರೆಯ ಮಠ ನೆಲೆಸಿರುವ ಸೋಸಲೆ ಇದೇ ತಿ. ನರಸೀಪುರ ತಾಲ್ಲೂಕಿನಲ್ಲಿದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಪತ್ರವನ್ನು ತರಗತಿಯಲ್ಲಿ ಓದಿಸುವುದು ಕನ್ನಡಕ್ಕೆ ಹೊಸ ಆಮದಲ್ಲ ಎಂಬುದಕ್ಕೆ ಸ್ಪಷ್ಟವಾದ ಸಾಕ್ಷ್ಯವಿದೆ. ಮದರ್‍ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ನಡೆಸಿದ ದೇಶೀ ಶಿಕ್ಷಣದ ವಿಚಾರಣೆಗೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಒಂದು ವರದಿ ಬರೆದರು. ಧರಂಪಾಲರು 1983ರ ತಮ್ಮ ಗ್ರಂಥದಲ್ಲಿ ಅದನ್ನು ಮರುಮುದ್ರಿಸಿದ ಮೇಲೆ ಅದು ಹೆಚ್ಚು ಪ್ರಚಾರಕ್ಕೆ ಬಂದಿದೆ. ಊರ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದರಿಂದ ಹಿಡಿದು ಎಲ್ಲವನ್ನೂ ವಿವರಿಸುವ ಆ ವರದಿಯಲ್ಲಿ ಒಂದು ಅಂಶ ಅಷ್ಟಾಗಿ ಯಾರ ಗಮನವನ್ನೂ ಸೆಳೆದಂತಿಲ್ಲ. ಸರ್ಕಾರಿ ಕಾಗದಗಳನ್ನೂ ಇತರ ಪತ್ರಗಳನ್ನೂ ಅಯ್ಯನೋರು ಅಲ್ಲಲ್ಲಿಂದ ಕೂಡಿಹಾಕಿ ತಂದು, ಬಗೆಬಗೆಯ ಕೈಬರಹಗಳನ್ನು ಬಿಡಿಸಿ ಓದುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಿದ್ದರು. ಸಾಮಾನ್ಯ ಕಾಗದಗಳನ್ನು ಬರೆಯುವುದು, ಕರಾರುಪತ್ರಗಳನ್ನು ರಚಿಸುವುದು ಆ ಶಿಕ್ಷಣದ ಭಾಗವಾಗಿತ್ತು. ಕಲ್ಪಿತ ಮಾದರಿಯಲ್ಲ, ನಿಜವಾಗಿ ಯಾರೋ ಯಾರಿಗೋ ಬರೆದ ಕಾಗದವೇ ಅಲ್ಲಿ ಪಠ್ಯ. ವಿಂಡೊಲಾಂಡದ ಛಾಯಾಚಿತ್ರಗಳಿಂದ ಲ್ಯಾಟಿನ್ ತರಗತಿ ಇಪ್ಪತ್ತನೆಯ ಶತಮಾನದ ಕೊನೆಗೆ ಕಂಡುಕೊಂಡದ್ದನ್ನು ಬಳ್ಳಾರಿಯ ಅಯ್ಯನೋರು ಸಹಜವಾಗಿ ಬಲ್ಲವರಾಗಿದ್ದರು.

ಅಚ್ಚಿನ ಪಠ್ಯಪುಸ್ತಕ ಬಂದ ಮೇಲೆ ಈ ವಿದ್ಯೆ ಅಳಿಯಿತು. ಇದರ ಪರಿಣಾಮ ಕೇವಲ ಸಾಹಿತ್ಯಕವಲ್ಲ. ಹತ್ತೊಂಬತ್ತನೆಯ ಶತಮಾನದ ಕನ್ನಡ ಕೈಬರಹವನ್ನೂ ಮೋಡಿ ಲಿಪಿಯನ್ನೂ ಓದಬಲ್ಲವರು ವಿರಳರಾಗಿದ್ದಾರೆ. ಜಮೀನಿನ ಹಕ್ಕು, ದೇವಸ್ಥಾನದ ಉಂಬಳಿ, ಮನೆತನದ ಪಾಲುಗಳಿಗೆ ಸಂಬಂಧಿಸಿದ ಕಾಗದಗಳು ಪೆಟ್ಟಿಗೆಗಳಲ್ಲಿದ್ದೂ ಓದುವವರಿಲ್ಲದೆ ಮೂಕವಾಗಿವೆ. ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನಮಾನ ದೊರೆತ ಮೇಲೆ ಪ್ರಾಚೀನತೆಯ ಮಾತು ಬಹಳವಾಗಿ ಕೇಳಿಬರುತ್ತಿದೆ. ಸಾವಿರ ವರ್ಷದ ಹಿಂದಿನ ಕಲ್ಲನ್ನು ಓದಲು ಡಿಪ್ಲೊಮಾ ತರಗತಿಗಳಿವೆ, ಅದು ಸಂತೋಷದ ವಿಷಯ. ಮುತ್ತಜ್ಜನ ಕಾಗದವನ್ನು ಓದುವುದನ್ನು ಕಲಿಸುವ ತರಗತಿ ಎಷ್ಟಿವೆ ಎಂಬುದನ್ನೂ ಕೇಳಬೇಕಾಗಿದೆ.

ಒಕ್ಕಣೆಯನ್ನು ಓದುವ ಅಭ್ಯಾಸವಿದ್ದಿದ್ದರೆ ಕೆಲವು ವಾಗ್ವಾದಗಳ ಸ್ವರೂಪವೂ ಬೇರೆಯಾಗುತ್ತಿತ್ತು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಪಚ್ಚೆಲಿಂಗ ಟಿಪ್ಪು ಸುಲ್ತಾನನ ಕಾಣಿಕೆಯೆಂಬುದು ಪ್ರತೀತಿ. ಅವನ ಧಾರ್ಮಿಕ ನೀತಿಯ ಚರ್ಚೆಯಲ್ಲಿ ಇದರ ಜೊತೆಗೆ ಉಲ್ಲೇಖವಾಗುವುದು, ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು 1916ರಲ್ಲಿ ಶೃಂಗೇರಿಯಲ್ಲಿ ಬೆಳಕಿಗೆ ತಂದ, ಅವನು ಮಠದ ಸ್ವಾಮಿಗಳಿಗೆ ಬರೆಯಿಸಿದ ಕನ್ನಡ ಪತ್ರಗಳು. ಪರಶುರಾಮ ಭಾವೆಯ ಸೈನ್ಯದವರು 1791ರಲ್ಲಿ ಶೃಂಗೇರಿಯನ್ನು ಕೊಳ್ಳೆಹೊಡೆದ ಸಂದರ್ಭದವೂ ಅವುಗಳಲ್ಲಿ ಇವೆ. ಒಂದು ಪಕ್ಷದವರು ಅವುಗಳಲ್ಲಿ ಭಕ್ತಿಯನ್ನು, ಇನ್ನೊಂದು ಪಕ್ಷದವರು ರಾಜಕೀಯ ಚಾತುರ್ಯವನ್ನು ಕಾಣುತ್ತಾರೆ. ಎರಡೂ ಪಕ್ಷದವರು ಉದ್ಧರಿಸುವುದು ಪತ್ರದ ನಡುವಣ ವಾಕ್ಯಗಳನ್ನೇ. ಸ್ವಾಮಿಗಳಿಗೆ ಪರಮಹಂಸ ಮೊದಲಾದ ಸಂಸ್ಕೃತ ಬಿರುದುಗಳು, ಸುಲ್ತಾನನ ಕಡೆಯಿಂದ ಸಲಾಮು: ಈ ಎರಡು ಲೋಕಗಳನ್ನು ಒಂದೇ ವಾಕ್ಯದಲ್ಲಿ ಜೋಡಿಸಿದ ಕಚೇರಿಯ ಕನ್ನಡ ಲೇಖಕ ಯಾವ ಮರ್ಯಾದೆಯ ಕ್ರಮವನ್ನು ಅನುಸರಿಸಿದ, ಅದೇ ಕಚೇರಿ ಅಮಲ್ದಾರರಿಗೆ ಹೊರಡಿಸಿದ ನಿರೂಪಗಳಿಂದ ಇದು ಹೇಗೆ ಭಿನ್ನ ಎಂಬ ಹೋಲಿಕೆ ನಡೆಯದೆ ಈ ಪತ್ರಗಳ ದನಿ ತಿಳಿಯುವುದಿಲ್ಲ. ಒಕ್ಕಣೆ ಅರಸನ ಹೃದಯವನ್ನು ಹೇಳದಿರಬಹುದು, ಆಸ್ಥಾನದ ನಡವಳಿಕೆಯನ್ನು ಹೇಳಿಯೇ ಹೇಳುತ್ತದೆ.

ಲ್ಯಾಟಿನ್ನಿಗೂ ಈ ಸೀಮೆಗೂ ನೇರ ಸಂಬಂಧವೂ ಇಲ್ಲದಿಲ್ಲ. ಲಿಯೊನಾರ್ಡೊ ಚಿನ್ನಮಿ ಎಂಬ ಜೆಸ್ಯುಟ್ ಪಾದ್ರಿ 1649ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಮೈಸೂರು ಮಿಷನ್ನಿನವರು ತಮ್ಮ ಮೇಲಿನವರಿಗೆ ಲ್ಯಾಟಿನ್, ಪೋರ್ಚುಗೀಸ್, ಇಟಾಲಿಯನ್ ಭಾಷೆಗಳಲ್ಲಿ ಪತ್ರಗಳನ್ನು ಬರೆದರು. ಫೆರೋಲಿಯವರ ಜೆಸ್ಯುಟ್ ಇತಿಹಾಸ ಅವುಗಳನ್ನು ಬಳಸಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬೆಂಗಳೂರಿನಲ್ಲೇ ಲ್ಯಾಟಿನ್–ಕನ್ನಡ ನಿಘಂಟು ಅಚ್ಚಾಯಿತು. ಆದರೆ ಈ ಪತ್ರಗಳನ್ನು ಮೂಲದಲ್ಲಿ ಓದಿ ಕನ್ನಡದ ಸಮಕಾಲೀನ ದಾಖಲೆಗಳ ಪಕ್ಕದಲ್ಲಿ ಇಡುವ ಕೆಲಸಕ್ಕೆ ಎರಡೂ ಭಾಷೆ ಬಲ್ಲವರು ಬೇಕು. ನಂಜನಗೂಡಿನಲ್ಲೇ ಹುಟ್ಟಿದ ಎಸ್. ಶ್ರೀಕಂಠಶಾಸ್ತ್ರಿಗಳು (1904–1974) ಅಂಥವರಾಗಿದ್ದರು. ಸಂಸ್ಕೃತ, ಪ್ರಾಕೃತ, ಪಾಲಿಗಳ ಜೊತೆಗೆ ಗ್ರೀಕ್, ಲ್ಯಾಟಿನ್‌ಗಳನ್ನೂ ಬಲ್ಲ ಅವರು 1940ರಲ್ಲಿ ಪ್ರಕಟಿಸಿದ ಕರ್ನಾಟಕ ಇತಿಹಾಸದ ಆಕರಗಳ ಸಂಪುಟದಲ್ಲಿ ಓದುಗನಿಗೆ ಮೂಲದ ಮಾತುಗಳನ್ನೇ ಕೊಟ್ಟರು. ಸಾರಾಂಶ ಸಾಲದು, ಮೂಲವೇ ಬೇಕು ಎಂಬ ಆ ನಿಷ್ಠೆಗೆ ಉತ್ತರಾಧಿಕಾರಿಗಳು ಹೆಚ್ಚು ಮಂದಿ ಬರಲಿಲ್ಲ.

ಒಕ್ಕಣೆಗೆ ಇಷ್ಟು ಮಹತ್ತ್ವ ಕೊಡುವುದಕ್ಕೆ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಸೂತ್ರವಾಕ್ಯ ಸೂತ್ರವಾಕ್ಯವೇ, ಲಿಪಿಕಾರ ಕೈಗೆ ಬಂದದ್ದನ್ನು ಬರೆದಿರುತ್ತಾನೆ, ಅದರಲ್ಲಿ ಅರ್ಥವನ್ನು ಹುಡುಕಿದರೆ ಇಲ್ಲದ್ದನ್ನೂ ಕಾಣುವ ಅಪಾಯವಿದೆ. ಈ ಆಕ್ಷೇಪದಲ್ಲಿ ಹುರುಳಿದೆ. ತಳಕಾಡುಗೊಂಡ ಎಂಬ ಬಿರುದನ್ನು ಅಕ್ಷರಶಃ ತೆಗೆದುಕೊಂಡರೆ ಹೊಯ್ಸಳರು ಪ್ರತಿ ತಲೆಮಾರಿನಲ್ಲೂ ತಲಕಾಡನ್ನು ಗೆದ್ದರೆಂದು ಹೇಳಬೇಕಾಗುತ್ತದೆ. ಕೋವಳಾಲಪುರವರೇಶ್ವರ ಎಂಬುದನ್ನು ಕಂಡು ಕೊನೆಯ ಗಂಗರು ಕೋಲಾರದಲ್ಲಿ ಕುಳಿತು ಆಳಿದರೆನ್ನಲಾಗದು. ಒಂದೇ ಒಂದು ಪತ್ರದ ಒಕ್ಕಣೆಯಿಂದ ತೀರ್ಮಾನಕ್ಕೆ ಬರಲಾಗದು ಎಂಬುದನ್ನು ಒಪ್ಪಲೇಬೇಕು. ಅದಕ್ಕಾಗಿಯೇ ಪತ್ರಗಳನ್ನು ಒಂಟಿಯಾಗಿ ಓದಿಸದೆ ಸಾಲಾಗಿ ಓದಿಸಬೇಕು. ತೆರೆಂಟಿಯಾಳ 24 ಪತ್ರಗಳಲ್ಲಿ ಒಂದನ್ನೇ ಆಯ್ದು ಪಠ್ಯದಲ್ಲಿ ಇಟ್ಟರೆ ಅದು ಸ್ನಾನದ ತೊಟ್ಟಿಯ ಪತ್ರವಾಗಿಯೇ ಉಳಿಯುತ್ತದೆ.

ತಿ. ನರಸೀಪುರದ ಕಾಲೇಜೊಂದರಲ್ಲಿ ಹಳಗನ್ನಡ ಓದುವ ವಿದ್ಯಾರ್ಥಿಗೆ ತಲಕಾಡು, ಸೋಮನಾಥಪುರ, ಮುಡುಕುತೊರೆಗಳು ಬಸ್ಸಿನ ದೂರದಲ್ಲಿವೆ. ನಂಜನಗೂಡಿನವನಿಗೆ ಸುತ್ತೂರು ಹತ್ತಿರ. ಸೋಮನಾಥಪುರದ ಕೇಶವ ದೇವಾಲಯದ ಬಾಗಿಲಲ್ಲಿ ನಿಂತಿರುವ ಶಾಸನವನ್ನು ದಾಟಿಯೇ ಒಳಗೆ ಹೋಗಬೇಕು, ಹೆಚ್ಚಿನವರು ದಾಟಿ ಹೋಗುತ್ತಲೂ ಇದ್ದಾರೆ. ಒಂದು ಅರ್ಧವರ್ಷದ ಪಠ್ಯಕ್ಕೆ ಒಂದೇ ಮನೆತನದ ಎಂಟು ಹತ್ತು ದಾಖಲೆಗಳ ತಲೆಬರಹಗಳು ಸಾಕು. 1894ರ ಅನುವಾದದಲ್ಲಿ ಎಂದಿನ ಬಿರುದುಗಳೆಂಬ ಕಂಸ ಎಲ್ಲೆಲ್ಲಿ ಬಂದಿದೆ ಎಂದು ಮೊದಲು ಗುರುತಿಸುವುದು. ಆಯಾ ಶಾಸನದ ಕನ್ನಡ ಮೂಲವನ್ನು 1974 ಮತ್ತು 1976ರ ಸಂಪುಟಗಳಲ್ಲಿ ತೆರೆದು, ಆ ಕಂಸದೊಳಗೆ ಮುಚ್ಚಿಹೋದ ಪದಗಳನ್ನು ಒಂದೊಂದಾಗಿ ಬರೆದುಕೊಳ್ಳುವುದು. ಸಾಧ್ಯವಾದಲ್ಲಿ ಕಲ್ಲಿನ ಮುಂದೆಯೇ ನಿಂತು ಅಕ್ಷರ ಹೋಲಿಸುವುದು. ಎರಡನೆಯ ವಾರದ ಹೊತ್ತಿಗೆ ಮಹಾಮಂಡಳೇಶ್ವರ ಎಂಬ ಪದ ಇರುವ ಪ್ರತಿಗಳು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ ಬೇರೆಯಾಗಿರುತ್ತವೆ. ದತ್ತಿಯ ಗದ್ದೆ ಎಷ್ಟು ಖಂಡುಗ, ಸೀಮೆಯ ಮೂಡಣ ಕಲ್ಲು ಯಾವುದು ಎಂಬ ಪ್ರಶ್ನೆಗಳನ್ನು ಅದಾದ ಮೇಲೆ ಎತ್ತಿಕೊಳ್ಳಬಹುದು.